ನಾನು ಸರಿಪಡಿಸಿದ ಗಾಂಧಾರ

ಪ್ರತಿಯೊಂದು ಹಳೆಯ ವಾದ್ಯವೂ ತನ್ನ ಹೊಟ್ಟೆಯೊಳಗೆ ಒಂದು ಜನಾಂಗದ ನೆನಪನ್ನು ಕಾಪಾಡಿಕೊಂಡು ಬಂದಿರುತ್ತದೆ. ಜೊತೆಗೆ ಇಲಿಯ ಹಿಕ್ಕೆಯನ್ನೂ ಕಾಪಾಡಿಕೊಂಡು ಬಂದಿರುತ್ತದೆ. ವಾದ್ಯ ರಿಪೇರಿಗೆ ಬರುವುದು ಎರಡನೆಯದರ ದೆಸೆಯಿಂದ. ಮೊದಲನೆಯದು ಹಾಳಾಗುವುದು ರಿಪೇರಿ ಮಾಡುವವನ ಕೈಯಲ್ಲಿ.

ತಂತಿವಾದ್ಯಗಳ ರಿಪೇರಿಯಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಈಗ ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆ ಸುತ್ತಿ, ಪೆಟ್ಟಿಗೆಗೆ ಹಾಕಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಅಂಕಲ್, ಏನಾದ್ರೂ ಟಿಪ್ಸ್ ಕೊಡಿ" ಎನ್ನುತ್ತಾರೆ. ಮರ ಅಂಟಿಸಲು ಯಾವ ಸರೇಸು ಒಳ್ಳೆಯದು, ಯಾವ ಉಳಿ ಹೆಚ್ಚು ದಿನ ಹರಿತವಾಗಿರುತ್ತದೆ ಎಂಬುದೆಲ್ಲ ಈಗ ವಿಡಿಯೋಗಳಲ್ಲಿ ಸಿಗುತ್ತದೆ. ಅಲ್ಲಿ ಸಿಗದಿರುವುದು, ಕೆಲಸ ತೀರಾ ಚೆನ್ನಾಗಿ ಬರುವ ಮನುಷ್ಯ ಹೇಗೆ ಅನಾಹುತ ಮಾಡುತ್ತಾನೆ ಎಂಬುದು. ಆ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ.

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಖಾದರ್ ಸಾಹೇಬರ ವೀಣೆಯ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಆರು ಜನ, ಹಲಸಿನ ಮರದ ಹೊಟ್ಟು. ಅಲ್ಲಿ ಅತ್ಯಂತ ಗೌರವದ ಕೆಲಸವೆಂದರೆ ಮೇಳ ಕಟ್ಟುವುದು. ವೀಣೆಯ ದಂಡಿಯ ಮೇಲೆ ಜೇನುಮೇಣಕ್ಕೆ ಮಸಿ ಕಲಸಿ ಕಟ್ಟೆ ಕಟ್ಟಿ, ಅದರಲ್ಲಿ ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಬೇಕು. ಅಳತೆಗೋಲು ಇಲ್ಲ. ತಂತಿ ಮೀಟುವುದು, ಕೇಳುವುದು, ಕೂದಲೆಳೆಯಷ್ಟು ಸರಿಸುವುದು, ಮತ್ತೆ ಕೇಳುವುದು. ನನಗೆ ಆ ಕೆಲಸ ಕೊಡಲು ಸಾಹೇಬರು ಒಂಬತ್ತು ವರ್ಷ ತೆಗೆದುಕೊಂಡರು. ಕೊಟ್ಟ ದಿನ ಹೇಳಿದ್ದು ಇಷ್ಟೇ: "ಕಿವಿ ಬಂದಿದೆ ನಿಂಗೆ. ಇನ್ನು ಹುಷಾರಾಗಿರು." ಮೊದಲ ವಾಕ್ಯವನ್ನು ನಾನು ಹೃದಯದಲ್ಲಿಟ್ಟುಕೊಂಡೆ.

ಆಸ್ಟ್ರೇಲಿಯಾಕ್ಕೆ ಬಂದದ್ದು ನಾದಸೇವೆಗಾಗಿ ಅಲ್ಲ. ನನ್ನ ಹೆಂಡತಿ ಸುಮಿತ್ರಾ ಅರಿವಳಿಕೆ ವೈದ್ಯೆ. ಆಸ್ಪತ್ರೆಗಳು ಅವಳನ್ನು ಕರೆದವು, ನಾನು ಹಿಂದೆ ಬಂದೆ. ವೀಸಾದಲ್ಲಿ ನನ್ನನ್ನು ಅವಲಂಬಿತ ಎಂದು ನಮೂದಿಸಿದ್ದರು. ಅಷ್ಟು ನಿಖರವಾದ ಸರ್ಕಾರಿ ಬರಹವನ್ನು ಆಮೇಲೆ ನಾನು ಓದಿಲ್ಲ.

ಮೊದಲು ಪರ್ತ್. ಮೋರ್ಲಿಯ ಶಾಪಿಂಗ್ ಸೆಂಟರಿನ ಹಿಂದಿನ ರಸ್ತೆಯಲ್ಲಿ ಗ್ರಹಾಂ ಎಂಬಾತನ ವಾದ್ಯದ ಅಂಗಡಿ ಇತ್ತು. ಶಾಲಾಮಕ್ಕಳ ಬಾಡಿಗೆ ಪಿಟೀಲುಗಳೇ ಹೆಚ್ಚು. ಕಾರಿನಲ್ಲಿ ಬಿಟ್ಟು ಬಿಸಿಲಿಗೆ ಸೀಳಿದವು, ತಮ್ಮನ ತಲೆಯ ಮೇಲೆ ಒಡೆದವು, ಒಳಗೆ ಅರ್ಧ ಸ್ಯಾಂಡ್‌ವಿಚ್ ಒಣಗಿದವು. ಗ್ರಹಾಂನದು ಒಂದೇ ಶಾಸನ. ಯಾವುದೇ ವಾದ್ಯವಿರಲಿ, ಮುಟ್ಟುವ ಮೊದಲು ಹಳದಿ ಹಾಳೆಯ ಮೇಲೆ ಎಲ್ಲ ಅಳತೆ ಬರೆಯಬೇಕು, ನಾಲ್ಕು ಕಡೆಯಿಂದ ಫೋಟೋ ತೆಗೆಯಬೇಕು.

"ಮೊದಲು ಬರಿ, ಆಮೇಲೆ ಮುಟ್ಟು, ಮೈಟ್" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಖಾದರ್ ಸಾಹೇಬರ ಕೋಣೆಯಲ್ಲಿದ್ದ ಕಾಗದವೆಂದರೆ ಉಪ್ಪುಕಾಗದ ಒಂದೇ. ಕುಶಲಕರ್ಮಿಯನ್ನು ಗುಮಾಸ್ತನನ್ನಾಗಿ ಮಾಡುವ ಹುನ್ನಾರವಿದು ಎಂದುಕೊಂಡು, ಮನಸ್ಸಿನಲ್ಲೇ ಬೈಯುತ್ತ ಬರೆಯುತ್ತಿದ್ದೆ.

ಆ ಅಂಗಡಿಗೆ ಒಂದು ದಿನ ಹಾಲ್ವರ್ ಬಂದ. ಹಡಗಿನ ಇಂಜಿನಿಯರಾಗಿ ನಿವೃತ್ತನಾದ ನಾರ್ವೆಯವ, ಬಾಗಿಲಿನಷ್ಟು ಎತ್ತರ. ಕಪ್ಪು ಪೆಟ್ಟಿಗೆ ತೆರೆದ. ಒಳಗಿದ್ದದ್ದು ಪಿಟೀಲು, ಆದರೆ ಮದುವೆಗೆ ಹೊರಟ ಪಿಟೀಲು. ಅಂಚಿಗೆಲ್ಲ ಮುತ್ತಿನ ಚಿಪ್ಪಿನ ಕುಂದಣ, ಮೈಮೇಲೆ ಶಾಯಿಯಲ್ಲಿ ಬಿಡಿಸಿದ ಹೂಬಳ್ಳಿ, ತುದಿಯಲ್ಲಿ ಕಿರೀಟ ತೊಟ್ಟು ಬಾಯಿ ತೆರೆದ ಒಂದು ಮೃಗದ ತಲೆ. ನಮ್ಮ ವೀಣೆಯ ಯಾಳಿಗೆ ಹಿಮದ ನಾಡಿನಲ್ಲಿ ಒಬ್ಬ ದಾಯಾದಿ ಇದ್ದಾನೆಂದು ಆಗಲೇ ನನಗೆ ತಿಳಿದದ್ದು. ಮೇಲೆ ನಾಲ್ಕು ತಂತಿ, ಅವುಗಳ ಅಡಿಯಲ್ಲಿ ಯಾರೂ ಮುಟ್ಟದ ನಾಲ್ಕು ತಂತಿ. ಮೇಲಿನವು ನುಡಿದರೆ ಕೆಳಗಿನವು ತಾವಾಗಿ ಗುಂಯ್‌ಗುಡುತ್ತವೆ.

ಬಿರಡೆ ಸಡಿಲವಾಗಿತ್ತು, ಸರಿಮಾಡಿದೆ. ತಂತಿಗಳೆಲ್ಲ ಎಲ್ಲೆಲ್ಲೋ ಇದ್ದವು. ಅವನ್ನೂ ಪಿಟೀಲಿಗೆ ಇರಬೇಕಾದ ಶ್ರುತಿಗೆ ತಂದು, ಹೆಮ್ಮೆಯಿಂದ ಕೈಗಿತ್ತೆ.

ಹಾಲ್ವರ್ ಒಂದು ಸಲ ಕಮಾನು ಎಳೆದು ನಿಲ್ಲಿಸಿದ. "ಶ್ರುತಿ ಯಾರು ಬದಲಾಯಿಸಿದ್ದು?"

"ನಾನೇ. ಎಲ್ಲಾ ತಪ್ಪಿ ಹೋಗಿತ್ತು."

"ತಪ್ಪಿರಲಿಲ್ಲ. ಅದು ಬೆಳಗಿನ ಜಾವದ ಶ್ರುತಿ."

ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ. ಅವರ ಹಳ್ಳಿಗಳ ಮದುವೆ ಹಲವು ದಿನಗಳದಂತೆ. ಪಿಟೀಲಿನವನು ಹೊತ್ತಿಗೆ ತಕ್ಕ ಹಾಗೆ ಶ್ರುತಿ ಬದಲಿಸುತ್ತಾನೆ. ಬೆಳಕು ಹರಿಯುವ ಹೊತ್ತಿನ ಕುಣಿತಕ್ಕೆ ಬೇರೆಯೇ ಶ್ರುತಿ. ಒಂದೊಂದು ಕುಣಿತದ ಧಾಟಿಗೂ ಅದನ್ನು ಕಲಿಸಿದವನ ಹೆಸರು ಅಂಟಿಕೊಂಡಿರುತ್ತದೆ. ಬರೆದದ್ದು ಏನೂ ಇಲ್ಲ, ಕಿವಿಯಿಂದ ಕಿವಿಗೆ. ಗುರುಶಿಷ್ಯ ಪರಂಪರೆಯನ್ನು ನಮ್ಮ ಸ್ವಂತ ಆಸ್ತಿ ಎಂದು ತಿಳಿದಿದ್ದ ನನಗೆ ಸ್ವಲ್ಪ ಅವಮಾನವಾಯಿತು.

ಹಾಲ್ವರ್ ಆಮೇಲೆ ಆಗಾಗ ಬರತೊಡಗಿದ. ಅವನ ದೇಶದ ಸಂಗೀತದ ಚರಿತ್ರೆಯನ್ನು ನಾನು ಕಲಿತದ್ದು ಬಿರಡೆ ತಿದ್ದುತ್ತ. ಜಲಪಾತದಲ್ಲಿ ಒಂದು ಭೂತವಿದೆಯಂತೆ. ಗುರುವಾರ ಸಂಜೆ ಕುರಿಯ ತೊಡೆ ಎಸೆದರೆ ಅದು ಪಿಟೀಲು ಕಲಿಸುತ್ತದೆ. ತೊಡೆಯಲ್ಲಿ ಮಾಂಸ ಕಡಿಮೆಯಿದ್ದರೆ ಶ್ರುತಿ ಮಾಡುವುದನ್ನು ಮಾತ್ರ ಕಲಿಸಿ ಕಳಿಸುತ್ತದೆ, ನುಡಿಸುವುದನ್ನಲ್ಲ. ರಿಪೇರಿಯವರ ವಂಶ ಅಲ್ಲಿಂದಲೇ ಆರಂಭವಾಗಿರಬೇಕು. ಮುಂದೊಂದು ಕಾಲಕ್ಕೆ ಧರ್ಮಬೋಧಕರು ಎದ್ದು, ಪಿಟೀಲು ಸೈತಾನನ ಸಾಮಾನು ಎಂದರು. ಎಷ್ಟೋ ಪಿಟೀಲು ಒಲೆಗೆ ಹೋದವು. ಹಾಲ್ವರನ ಮುತ್ತಜ್ಜನ ಪಿಟೀಲು ಹಿಟ್ಟಿನ ಪೆಟ್ಟಿಗೆಯಲ್ಲಿ ಅಡಗಿ ಬದುಕಿತು. ಶಾಲೆಗಳಿಗೆ ಪ್ರಾರ್ಥನೆ ಕಲಿಸಲು ಒಂದೇ ತಂತಿಯ ಒಂದು ಪೆಟ್ಟಿಗೆ ಬಂತು. ಅದರ ಮೇಲೆ ಸ್ವರದ ಮನೆಗಳನ್ನು ಗೀಟು ಹಾಕಿ ಗುರುತಿಸಿದ್ದರು, ಎಲ್ಲ ಪಿಯಾನೋದ ಲೆಕ್ಕಕ್ಕೆ ಸರಿಯಾಗಿ. ಆಮೇಲೆ ಪಟ್ಟಣದ ವಿದ್ವಾಂಸರು ನೋಟ್‌ಬುಕ್ ಹಿಡಿದು ಬೆಟ್ಟ ಹತ್ತಿದರು, ಮುದುಕರಿಂದ ಹಾಡು ಬರೆದುಕೊಂಡರು. ಹಳ್ಳಿಯವರ ಕೆಲವು ಸ್ವರಗಳು ಪಿಯಾನೋದ ಎರಡು ಮನೆಗಳ ನಡುವೆ ಇದ್ದವು. ಬರೆಯಲು ಜಾಗವಿಲ್ಲ. ಪಕ್ಕದ ಮನೆಗೆ ತಳ್ಳಿದರು.

"ಅವರೇನು ಕಳ್ಳರಲ್ಲ" ಎಂದ ಹಾಲ್ವರ್. "ಬಹಳ ಒಳ್ಳೆ ಜನ. ಪ್ರೀತಿಯಿಂದಾನೇ ತಿದ್ದಿದ್ರು. ಅದೇ ಕಷ್ಟ."

ನಾನು ಗಂಭೀರವಾಗಿ ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ಅರ್ಥವಾಗುವುದಕ್ಕೂ ನಡುವೆ ನನ್ನ ವಿಷಯದಲ್ಲಿ ಎರಡು ಊರು ಕಳೆದವು.

ಆಮೇಲೆ ಸುಮಿತ್ರಾಳಿಗೆ ಬ್ರಿಸ್ಬೇನ್‌ನಲ್ಲಿ ಕೆಲಸವಾಯಿತು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ, ಮನೆಯ ಗ್ಯಾರೇಜಿನಲ್ಲಿ ನನ್ನ ಅಂಗಡಿ. ಕಾರು ಬೀದಿಯಲ್ಲಿ ನಿಂತಿತು. ಸುತ್ತಮುತ್ತ ನಮ್ಮವರೇ ಅನೇಕರು, ಮಕ್ಕಳಿಗೆ ವೀಣೆ ಪಾಠ. ಒಂದು ಬೇಸಿಗೆಯ ಶನಿವಾರ ಒಬ್ಬ ತಾಯಿಯ ಫೋನು.

"ಅಂಕಲ್, ವೀಣೆ ಕಾರ್‌ನಲ್ಲಿ ಬಿಟ್ಟು ಶಾಪಿಂಗ್ ಹೋಗ್ಬಿಟ್ವಿ. ಈಗ ಮೆಟ್ಟಿಲೆಲ್ಲಾ ಒಂದೇ ಕಡೆ ಬಂದ್ಬಿಟ್ಟಿದೆ!"

ತಂದರು. ಮೇಣ ಕರಗಿ, ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಸಂತೆ ಮುಗಿಸಿ ಬಸ್ಸಿಗೆ ನಿಂತವರ ಹಾಗೆ ಒಂದರ ಮೇಲೊಂದು ಒರಗಿದ್ದವು. ಮಗಳು, ಹತ್ತು ವರ್ಷದವಳು, ಸಾಕ್ಷಿ ನುಡಿದಳು: "ಇಟ್ ಜಸ್ಟ್ ಮೆಲ್ಟೆಡ್, ಅಂಕಲ್. ಮಂಡೇ ಎಕ್ಸಾಮ್ ಇದೆ ಅಂತ ಅಮ್ಮ ವರಿ ಮಾಡ್ತಾಳೆ, ಬಟ್ ಇಟ್ಸ್ ಓಕೆ, ಟೇಕ್ ಯುವರ್ ಟೈಮ್."

ಮಧ್ಯಾಹ್ನ ಕೂತವನು ಸಂಜೆಯ ಹೊತ್ತಿಗೆ ಮೇಳ ಕಟ್ಟಿ ಮುಗಿಸಿದೆ. ಪಾಠದ ಟೀಚರ್ ಬಂದು ಪರೀಕ್ಷಿಸಿ, "ಒಂದು ಸ್ವರಾನೂ ಅಲ್ಲಾಡಲ್ಲ" ಎಂದರು. ಆ ಮಾತು ಊರಿಂದೂರಿಗೆ ಹೋಯಿತು. ಬೇರೆ ರಾಜ್ಯಗಳಿಂದ ವೀಣೆಗಳು ಬರತೊಡಗಿದವು. ಹಳದಿ ಹಾಳೆ ಕೇಳಲು ಗ್ಯಾರೇಜಿನಲ್ಲಿ ಗ್ರಹಾಂ ಇರಲಿಲ್ಲ. ನನ್ನ ಕಿವಿಯೇ ಹಾಳೆ, ನನ್ನ ಕಿವಿಯೇ ಅಳತೆ. ವೃತ್ತಿಯಲ್ಲಿ ಮನುಷ್ಯನಿಗೆ ಅತ್ಯಂತ ಅಪಾಯದ ಕಾಲ ಯಾವುದೆಂದು ಕೇಳಿದರೆ, ಗಿರಾಕಿಗಳೆಲ್ಲ ಹೊಗಳುತ್ತಿರುವ ಕಾಲ ಎನ್ನುತ್ತೇನೆ.

ಮೂರನೆಯದು ಅಡಿಲೇಡ್. ಸುಮಿತ್ರಾ ಅರ್ಧದಿನದ ಕೆಲಸಕ್ಕೆ ಇಳಿದಿದ್ದಳು. ಕಿಲ್ಬರ್ನ್‌ನಲ್ಲಿ ಒಂದು ಹಳೆಯ ವೆಲ್ಡಿಂಗ್ ಶೆಡ್ಡಿನ ಪಕ್ಕದ ತಗಡಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿಗೆ ಪರ್ತ್‌ನಿಂದ ಹಾಲ್ವರನ ಫೋನು.

"ಅಲ್ಲಿ ನನ್ನ ಹಳೆ ಸ್ನೇಹಿತೆ ಇದಾಳೆ, ರಗ್ನಾ. ಅವಳ ಹತ್ರ ಒಂದು ಲಾಂಗೆಲೈಕ್ ಇದೆ. ಪೆಟ್ಟಿಗೆ ಸೀಳಿದೆ. ನಿನ್ನ ಹೆಸರು ಹೇಳಿದೀನಿ."

ಲಾಂಗೆಲೈಕ್ ಎಂದರೆ ಉದ್ದನೆಯ ಮರದ ಪೆಟ್ಟಿಗೆ. ಮೇಜಿನ ಮೇಲೆ ಮಲಗಿಸಿ ನುಡಿಸುವುದು. ಹಲವು ತಂತಿಗಳಲ್ಲಿ ಒಂದರ ಕೆಳಗೆ ಮಾತ್ರ ಮರದ ಸಣ್ಣ ಮೆಟ್ಟಿಲುಗಳು. ಉಳಿದವು ಸುಮ್ಮನೆ ಶ್ರುತಿ ಹಿಡಿದಿರುತ್ತವೆ. ತಂಬೂರಿಯ ಹೊಟ್ಟೆಯಲ್ಲಿ ವೀಣೆ ಹುಟ್ಟಿದರೆ ಹೇಗಿರುತ್ತದೋ ಹಾಗೆ. ರಗ್ನಾಳ ಮಗಳು ಇಂಗ್ರಿಡ್ ಅದನ್ನು ಕಂಬಳಿಯಲ್ಲಿ ಸುತ್ತಿ ತಂದರು. ಇಂಗ್ರಿಡ್ ನಿವೃತ್ತ ಮುಖ್ಯೋಪಾಧ್ಯಾಯಿನಿ. ತಾಯಿಗೆ ತೊಂಬತ್ತೊಂದು, ವೃದ್ಧರ ಆರೈಕೆ ಕೇಂದ್ರದಲ್ಲಿದ್ದರು.

"ಅಮ್ಮನ ಅಜ್ಜಿ ಕಾಲದ್ದು. ಮೇಲಿನ ಹಲಗೆ ಬಿಟ್ಟಿದೆ, ಮೂರು ಮೆಟ್ಟಿಲು ಅಲ್ಲಾಡ್ತಿವೆ. ಅಂಟಿಸಿಕೊಟ್ಟರೆ ಸಾಕು" ಎಂದರು.

ಅಂಟಿಸಿಕೊಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹಲಗೆ ಕೂರಿಸಿದೆ. ತಂತಿ ಬಿಗಿದು ಮೆಟ್ಟಿಲುಗಳ ಮೇಲೆ ಬೆರಳಾಡಿಸಿದೆ. ಗಾಂಧಾರ ನಮ್ಮ ಎರಡು ಗಾಂಧಾರಗಳಲ್ಲಿ ಅತ್ತ ಮೇಲಿನ ಅಂತರವೂ ಅಲ್ಲ, ಇತ್ತ ಕೆಳಗಿನ ಸಾಧಾರಣವೂ ಅಲ್ಲ, ನಡುಬೀದಿಯಲ್ಲಿ ನಿಂತಿದೆ. ಧೈವತ, ನಿಷಾದಗಳದೂ ಅದೇ ಪಾಡು. ಅಲ್ಲಾಡುತ್ತಿದ್ದವೂ ಆ ಮೂರೇ. ಸರೇಸು ಹಳೆಯದಾಗಿ ಮೆಟ್ಟಿಲು ಜಾರಿವೆ, ಪಾಪದ ಮುದುಕಿ ವರ್ಷಾನುಗಟ್ಟಲೆ ಅಪಸ್ವರ ಸಹಿಸಿದ್ದಾಳೆ ಎಂದು ಮರುಗಿದೆ. ಬ್ರಿಸ್ಬೇನ್‌ನಲ್ಲಿ ಕರಗಿದ ವೀಣೆಯನ್ನು ಕಂಡಿದ್ದ ಕಣ್ಣು, ಬೇರೇನನ್ನೂ ಕಾಣಲಿಲ್ಲ. ಮೂರನ್ನೂ ಕಿತ್ತೆ. ಹಳೆಯ ಸರೇಸನ್ನು ಕೆರೆದೆ, ಉಪ್ಪುಕಾಗದ ಹಾಕಿ ಉಜ್ಜಿದೆ, ಬಣ್ಣ ಹೊಂದಿಸಿದೆ. ಗಾಂಧಾರವನ್ನು ಶುದ್ಧ ಅಂತರಕ್ಕೆ, ನಿಷಾದವನ್ನು ಕಾಕಲಿಗೆ, ಧೈವತವನ್ನು ಅದರ ಯೋಗ್ಯ ಸ್ಥಾನಕ್ಕೆ ತಂದು ಅಂಟಿಸಿದೆ. ಫೋಟೋ ಇಲ್ಲ, ಅಳತೆ ಇಲ್ಲ. ಮೆಟ್ಟಿಲು ಮೊದಲು ಎಲ್ಲಿತ್ತೆಂದು ದೇವರೂ ಹುಡುಕಲಾರ, ಅಷ್ಟು ಅಚ್ಚುಕಟ್ಟು.

ಇಂಗ್ರಿಡ್ ತೆಗೆದುಕೊಂಡು ಹೋಗುವಾಗ ನಾನೂ ಆರೈಕೆ ಕೇಂದ್ರಕ್ಕೆ ಹೊರಟೆ. ಹೊಗಳಿಕೆ ನೇರವಾಗಿ ಸಿಗಲಿ ಎಂಬ ಆಸೆ, ಬೇರೆ ಕಾರಣವಿಲ್ಲ.

ರಗ್ನಾ ಕಿಟಕಿಯ ಬಳಿ ಕೂತಿದ್ದರು, ಹಕ್ಕಿಯಷ್ಟು ಸಣ್ಣ ಹೆಂಗಸು. ವಾದ್ಯವನ್ನು ಮೇಜಿನ ಮೇಲಿಟ್ಟಾಗ ಮುಖ ಅರಳಿತು. ಬಲಗೈಯಿಂದ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ, ಎಡಗೈ ಬೆರಳನ್ನು ಗಾಂಧಾರದ ಮೇಲಿಟ್ಟವರು, ಕಾದ ಕಾವಲಿ ಮುಟ್ಟಿದಂತೆ ಹಿಂದೆ ಎಳೆದುಕೊಂಡರು. ಮತ್ತೊಮ್ಮೆ ಇಟ್ಟರು. ಮಗಳಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ, ಪೆಟ್ಟಿಗೆಯನ್ನು ಎರಡೂ ಕೈಯಿಂದ ದೂರ ತಳ್ಳಿದರು.

"ಏನಂದ್ರು?" ಎಂದೆ.

ಇಂಗ್ರಿಡ್ ಇಂಗ್ಲಿಷಿಗೆ ತಿರುಗಿಸಿದರು. "ಇದು ಶಾಲೆಯ ಪೆಟ್ಟಿಗೆ, ನನ್ನದೆಲ್ಲಿ ಅಂತ ಕೇಳ್ತಿದಾರೆ."

ಆ ಕ್ಷಣ ನನಗೆ ಮೋರ್ಲಿಯ ಸ್ಟೂಲಿನಲ್ಲಿ ಕೂತು ಹಾಲ್ವರ್ ಹೇಳಿದ ಒಂದೇ ತಂತಿಯ ಪೆಟ್ಟಿಗೆಯೂ ಪಕ್ಕದ ಮನೆಗೆ ತಳ್ಳಿದ ಸ್ವರಗಳೂ ನೆನಪಾದವು. ಇಂಗ್ರಿಡ್ ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ ಮುಂದುವರಿಸಿದ್ದು ಇನ್ನೂ ಘೋರವಾಗಿತ್ತು. "ಪರವಾಗಿಲ್ಲ ಬಿಡಿ, ಅಭ್ಯಾಸ ಆಗುತ್ತೆ. ಓಸ್ಲೋದಿಂದ ಮಾರಿತ್ ಅನ್ನೋ ಸಂಶೋಧಕಿ ಹತ್ತು ವಾರದಲ್ಲಿ ಬರ್ತಿದಾರೆ, ಇದನ್ನ ಅಳೆಯೋಕೆ. ಹಳೇ ಮೆಟ್ಟಿಲು ಹಾಗೇ ಉಳಿದಿರೋ ವಾದ್ಯ ಬಹಳ ಕಡಿಮೆಯಂತೆ. ಅಮ್ಮ ಹುಟ್ಟಿದ ಕಣಿವೇದು ಇದೊಂದೇ ಅವರಿಗೆ ಗೊತ್ತಿರೋದು."

ಆ ಕಣಿವೆಯ ಸ್ವರಗಳು ಲೋಕದಲ್ಲಿ ಎರಡೇ ಜಾಗದಲ್ಲಿ ಉಳಿದಿದ್ದವು. ಒಂದು ಆ ಹಲಗೆ, ಇನ್ನೊಂದು ಆ ಮುದುಕಿಯ ಗಂಟಲು. ಹಲಗೆಯನ್ನು ನಾನು ಉಜ್ಜಿ ಪಾಲಿಶ್ ಮಾಡಿದ್ದೆ. ಗಂಟಲಿಗೆ ತೊಂಬತ್ತೊಂದು ವರ್ಷ.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಅವಳು ಕಾಫಿ ಕುಡಿಯುತ್ತ ಪೂರ್ತಿ ಕೇಳಿದಳು.

"ಯಾರಿಗಾದ್ರೂ ಗೊತ್ತಾಗುತ್ತಾ?" ಎಂದಳು.

"ಗೊತ್ತಾಗಲ್ಲ. ಸಂಶೋಧಕಿ ನಾನು ಇಟ್ಟಿದ್ದನ್ನೇ ಅಳ್ಕೊಂಡು ಹೋಗ್ತಾಳೆ. ಮೈಸೂರು ಗಾಂಧಾರ ನಾರ್ವೆ ಪುಸ್ತಕದಲ್ಲಿ ಸೇರ್ಕೊಳ್ಳುತ್ತೆ."

"ಹಾಗಾದ್ರೆ ಹೇಳ್ಬೇಡಿ" ಎಂದು ಲೋಟ ಕೆಳಗಿಟ್ಟಳು. "ಆದ್ರೆ ರೀ, ನಿದ್ದೆ ಬರಲ್ಲ ಅಂತ ನನ್ನ ಹತ್ರ ಮಾತ್ರೆ ಕೇಳ್ಕೊಂಡು ಬರ್ಬೇಡಿ."

"ಎಕ್ಸ್‌ರೇಲಿ ಹಳೇ ಗುರುತು ಕಾಣ್ಸುತ್ತೇನೋ. ನಿಮ್ಮ ಆಸ್ಪತ್ರೆಲಿ..."

"ಮರದ ಪೆಟ್ಟಿಗೆಗೆ ರೆಫರಲ್ ಯಾರು ಬರೀತಾರೆ? ಕಂಪ್ಲೇಂಟ್ ಏನು ಅಂತ ಬರೀಲಿ, ಕುತ್ತಿಗೆ ನೋವಾ?"

ಮೊದಲು ಇಂಗ್ರಿಡ್‌ಗೆ ಹೇಳಿದೆ. ಅವರು ನನ್ನನ್ನು ನೋಡಿದರು. ಸಾವಿರಾರು ಮಕ್ಕಳ ಸುಳ್ಳುಗಳನ್ನು ಕಂಡ ಕಣ್ಣು, ನಿಜದ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತ ಹಾಗಿತ್ತು. ಆಮೇಲೆ ಹಾಲ್ವರ್‌ಗೆ ಫೋನ್ ಮಾಡಿದೆ.

"ಒಡೆದು ಹಾಕಿದ್ರೆ ಚೆನ್ನಾಗಿತ್ತು" ಎಂದ. "ಒಡೆದಿದ್ದನ್ನ ಅಂಟಿಸಬಹುದು." ಫೋನ್ ಇಟ್ಟ. ಅವನ ಮಾತನ್ನು ನಂಬಿ ಕೊಟ್ಟ ವಾದ್ಯವದು. ನನ್ನ ತಪ್ಪಿನಲ್ಲಿ ಅವನ ಹೆಸರೂ ಸೇರಿತ್ತು.

ಇಂಗ್ರಿಡ್‌ರ ಮನೆಯ ಹಳೆಯ ಫೋಟೋಗಳನ್ನೆಲ್ಲ ತರಿಸಿ ಭೂತಗನ್ನಡಿ ಹಿಡಿದೆ. ನಲವತ್ತು ವರ್ಷದ ಕ್ರಿಸ್‌ಮಸ್‌ಗಳಲ್ಲಿ ರಗ್ನಾ ವಾದ್ಯ ನುಡಿಸಿದ್ದರು. ಎಲ್ಲ ಚಿತ್ರದಲ್ಲೂ ಮೊಣಕೈ ಸರಿಯಾಗಿ ಆ ಮೂರು ಮೆಟ್ಟಿಲುಗಳ ಮುಂದೆ. ಮೇಲಿನ ಸ್ಥಾಯಿಯ ಮೆಟ್ಟಿಲುಗಳನ್ನು ನಾನು ಮುಟ್ಟಿರಲಿಲ್ಲ. ಅವುಗಳಿಂದ ಲೆಕ್ಕ ಹಾಕಬಹುದೇ ಎಂದು ನೋಡಿದೆ. ಆದರೆ ಆ ಕಾಲದವರು ಮೇಲಿನ ಸ್ಥಾಯಿಗೆ ಬೇರೆ ಮಾತು, ಕೆಳಗಿನದಕ್ಕೆ ಬೇರೆ ಮಾತು ಇಟ್ಟುಕೊಂಡಿದ್ದರು. ಮುಟ್ಟದ ಸ್ವರಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಉಳಿದದ್ದು ಗಂಟಲು. ಮೂರು ಮೆಟ್ಟಿಲುಗಳನ್ನು ಮತ್ತೆ ಕಿತ್ತೆ, ಈ ಸಲ ಸರೇಸಿನ ಬದಲು ಮೃದುವಾದ ಜೇನುಮೇಣದಲ್ಲಿ ಕೂರಿಸಿದೆ. ಬೆರಳಿನಿಂದ ಒತ್ತಿದರೆ ಸರಿಯಬೇಕು. ವಾರಕ್ಕೆ ಎರಡು ಬೆಳಿಗ್ಗೆ, ಪೆಟ್ಟಿಗೆ ಹೊತ್ತು ರಗ್ನಾರ ಕೋಣೆಗೆ.

ಮೊದಲ ದಿನ ಮಗಳ ಮೂಲಕ ತಪ್ಪೊಪ್ಪಿಕೊಂಡೆ. ರಗ್ನಾ ಕೇಳಿದ್ದು ಒಂದೇ, ಯಾಕೆ ಮಾಡಿದೆ ಎಂದು.

"ಅಪಸ್ವರ ಅನ್ನಿಸ್ತು" ಎಂದೆ.

ಇಂಗ್ರಿಡ್ ಅನುವಾದಿಸಿದಾಗ ಮುದುಕಿ ಕೆಮ್ಮು ಬರುವಷ್ಟು ನಕ್ಕರು. "ಶಾಲೆ ಮೇಷ್ಟ್ರೂ ಹಾಗೇ ಅಂದಿದ್ರಂತೆ. ಬೆರಳಿಗೆ ಏಟೂ ಕೊಟ್ಟಿದ್ರಂತೆ. ನಿಮ್ಮ ಹತ್ರ ಕೋಲು ಇದೆಯಾ ಅಂತ ಕೇಳ್ತಿದಾರೆ."

ಹಾಡಿ ಎಂದರೆ ಹಾಡಲಿಲ್ಲ. ಎರಡು ವಾರ ಹೀಗೇ ಹೋಯಿತು. ರಗ್ನಾ ಒಂದು ದಿನ ಮಗಳನ್ನು ಗುರುತಿಸುತ್ತಿದ್ದರು, ಇನ್ನೊಂದು ದಿನ ತಂಗಿ ಎಂದುಕೊಳ್ಳುತ್ತಿದ್ದರು. ನಾನು ಕ್ಯಾಲೆಂಡರ್ ನೋಡಿ ನೋಡಿ ಅದರ ಮೊಳೆ ಸಡಿಲವಾಯಿತು. ಹಾಲ್ವರ್ ತಾನಾಗಿ ಫೋನ್ ಮಾಡಿದ್ದು ಆಗ.

"ಅವಳು ಹುಡುಗಿಯಾಗಿದ್ದಾಗ ಬೆಟ್ಟದ ಮೇಲೆ ದನ ಕಾಯ್ತಿದ್ದವಳು. ದನ ಕರೆಯೋ ಹಾಡನ್ನ ಕುರ್ಚಿ ಪಕ್ಕ ಕೂತವರಿಗೆ ಯಾರಾದ್ರೂ ಹಾಡ್ತಾರಾ? ದೂರದಲ್ಲಿ ದನ ಇರಬೇಕು."

ಮರುದಿನ ಬೆಳಿಗ್ಗೆ ರಗ್ನಾರನ್ನು ಗಾಲಿಕುರ್ಚಿಯಲ್ಲಿ ಹೊರಗಿನ ಜಗಲಿಗೆ ತಂದೆವು. ಇಂಗ್ರಿಡ್ ಕಾರ್ ಪಾರ್ಕಿನ ಆಚೆ ತುದಿಗೆ ಹೋಗಿ, ಕಸದ ಡಬ್ಬಗಳ ಪಕ್ಕ ಬೆನ್ನು ತಿರುಗಿಸಿ ನಿಂತರು. ಮೂವತ್ತು ವರ್ಷ ಶಾಲೆ ನಡೆಸಿದ ಹೆಂಗಸು, ಹಸುವಿನ ಪಾತ್ರವನ್ನು ಯಾವ ಬಿಗುಮಾನವೂ ಇಲ್ಲದೆ ನಿರ್ವಹಿಸಿದರು. ನಾನು ದೂರ ತೋರಿಸಿದೆ. ರಗ್ನಾ ಕಣ್ಣು ಕಿರಿದು ಮಾಡಿ ನೋಡಿದರು. ಎದೆಯುಬ್ಬಿತು.

ಆ ಸಣ್ಣ ಮೈಯಿಂದ ಅಂಥ ದನಿ ಹೊರಡುತ್ತದೆಂದು ನಾನು ಎಣಿಸಿರಲಿಲ್ಲ. ತೆಳುವಾಗಿ, ಎತ್ತರದಲ್ಲಿ, ಗಾಜು ಕೊರೆದ ಹಾಗೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮುದುಕರೊಬ್ಬರು ಕಿವಿಯ ಮಿಷನ್ ತೆಗೆದು ಜೇಬಿಗಿಟ್ಟರು. ನಾನು ಗಾಂಧಾರದ ಮೆಟ್ಟಿಲನ್ನು ಒತ್ತಿ ಮೀಟಿದೆ. ರಗ್ನಾ ಅಲ್ಲವೆಂದು ತಲೆಯಾಡಿಸಿದರು. "ನೈ." ಸ್ವಲ್ಪ ಸರಿಸಿದೆ. "ನೈ." ಇನ್ನಷ್ಟು. "ನೈ, ನೈ." ಹಿಂದಕ್ಕೆ, ಕೂದಲೆಳೆ. ಅವರು ಮತ್ತೊಮ್ಮೆ ಕರೆದು, ನಿಲ್ಲಿಸಿ, ಹೌದೆಂದು ಬೆರಳೆತ್ತಿದರು. "ಯಾ."

ನನ್ನ ಕಿವಿಗೆ ಅದು ಈಗಲೂ ಅಪಸ್ವರವೇ ಆಗಿತ್ತು. ಹೇಳಲೇಬೇಕಾದ ಮಾತಿದು. ಮನಸ್ಸು ಪರಿವರ್ತನೆಯಾಗಿ ಅದರಲ್ಲಿ ಸೌಂದರ್ಯ ಕಂಡೆ ಎಂದರೆ ಸುಳ್ಳಾಗುತ್ತದೆ. ಒಂಬತ್ತು ವರ್ಷ ಸಾಹೇಬರು ಕೂರಿಸಿದ ಗಾಂಧಾರ ಒಂದು ಬೆಳಿಗ್ಗೆ ಎದ್ದು ಹೋಗುವುದಿಲ್ಲ. ಪೆನ್ಸಿಲಿನಿಂದ ಗುರುತು ಹಾಕಿದೆ, ಅಳೆದೆ, ಬರೆದೆ, ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಹಾಡಿದ್ದೆಲ್ಲ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಮೇಣ ಒತ್ತಿ ಮೆಟ್ಟಿಲನ್ನು ಬೇಕೆಂದೇ ಜಾಗ ತಪ್ಪಿಸಿಟ್ಟೆ. ಮುಂದಿನ ಸಲ ಮೊದಲಿನಿಂದ ಆರಂಭ. ಮೂರು ಬೇರೆ ಬೇರೆ ದಿನ ಅದೇ ಜಾಗಕ್ಕೆ ಬಂದರೆ ಮಾತ್ರ ನಂಬುವುದು ಎಂದು ನಿಯಮ ಮಾಡಿಕೊಂಡೆ.

ಗಾಂಧಾರ ಮೂರು ದಿನವೂ ಅಲ್ಲಿಗೇ ಬಂತು. ನಿಷಾದ ಐದು ದಿನ ತೆಗೆದುಕೊಂಡು ಮೂರು ಸಲ ಒಂದೆಡೆ ನಿಂತಿತು. ಅಷ್ಟು ಹೊತ್ತಿಗೆ ಇಂಗ್ರಿಡ್‌ಗೆ ಕಾರ್ ಪಾರ್ಕಿನಲ್ಲಿ ನಿಂತು ನೆಗಡಿಯಾಗಿತ್ತು.

ಧೈವತ ದನದ ಕರೆಯಲ್ಲಿ ಬರುತ್ತಿರಲಿಲ್ಲ. ಒಂದು ಜೋಗುಳದಲ್ಲಿ ಮಾತ್ರ ಇತ್ತು. ಜೋಗುಳವನ್ನು ರಗ್ನಾ ಗುನುಗುತ್ತಿದ್ದರೇ ಹೊರತು ಬಾಯ್ಬಿಟ್ಟು ಹಾಡುತ್ತಿರಲಿಲ್ಲ. ಮೊದಲ ದಿನ ಒಂದು ಜಾಗಕ್ಕೆ "ಯಾ" ಎಂದರು. ಎರಡನೆಯ ದಿನ ಅದಕ್ಕಿಂತ ಅಕ್ಕಿಕಾಳಿನಷ್ಟು ಮೇಲೆ. ಮೂರನೆಯ ದಿನಕ್ಕೆ ಹೋದಾಗ ಕೋಣೆ ಖಾಲಿ ಇತ್ತು. ಎದೆಯಲ್ಲಿ ಸೋಂಕಾಗಿ ಆಸ್ಪತ್ರೆಗೆ ಸಾಗಿಸಿದ್ದರು. ಮಾರಿತ್ ಬರಲು ಹನ್ನೊಂದು ದಿನ ಉಳಿದಿತ್ತು.

ಆ ಹನ್ನೊಂದು ದಿನ ನಾನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಕೋಣೆಯಲ್ಲಿ ಕೂತು ಎರಡು ಪೆನ್ಸಿಲ್ ಗುರುತುಗಳನ್ನು ನೋಡುತ್ತಿದ್ದೆ. ನಡುವೆ ಒಂದು ಜಾಗವಿತ್ತು. ಗಾಂಧಾರ, ನಿಷಾದಗಳ ನಡೆ ನೋಡಿದರೆ ಧೈವತ ಅಲ್ಲೇ ಇರಬೇಕೆಂದು ಕಿವಿ ಹೇಳುತ್ತಿತ್ತು. ಬಹಳ ವಿಶ್ವಾಸದಿಂದ ಹೇಳುತ್ತಿತ್ತು. ಎರಡು ತೊಟ್ಟು ಸರೇಸು ಸಾಕಿತ್ತು. ಒಂದು ಮಧ್ಯಾಹ್ನ ಸರೇಸನ್ನು ಬಿಸಿಗೂ ಇಟ್ಟೆ. ಸುಮಿತ್ರಾ ಊಟದ ಡಬ್ಬಿ ತಂದವಳು ವಾಸನೆ ಹಿಡಿದು, "ಏನು ಅಂಟಿಸ್ತಿದೀರಿ?" ಎಂದಳು. ಏನೂ ಇಲ್ಲ ಎಂದು ಸ್ವಿಚ್ ಆರಿಸಿದೆ. ಅವಳು ಡಬ್ಬಿ ಬಿಚ್ಚಿ ಕೊಟ್ಟಳು.

ರಗ್ನಾ ಒಂಬತ್ತನೆಯ ದಿನ ಹಿಂದಿರುಗಿದರು. ಹೋಗಿ ನೋಡಿದೆ. ನನ್ನನ್ನು ಗುರುತಿಸಿ, ಗಾಳಿಯಲ್ಲಿ ಕೋಲು ಬೀಸುವ ಹಾಗೆ ಕೈಯಾಡಿಸಿದರು. ದನಿ ಇರಲಿಲ್ಲ, ಉಸಿರು ಮಾತ್ರ. ಇಂಗ್ರಿಡ್ ಜೋಗು‍ಳದ ಮೊದಲ ಸಾಲು ಗುನುಗಿದರು. ತಾಯಿ ಕಣ್ಣು ಮುಚ್ಚಿ ಕೇಳಿದರು. ಹಾಡಲಿಲ್ಲ.

ಮಾರಿತ್‌ಗೆ ಎಲ್ಲವನ್ನೂ ಮೊದಲೇ ಫೋನಿನಲ್ಲಿ ತಿಳಿಸಿದ್ದೆ. ಬಂದವರು ಸಣ್ಣ ವಯಸ್ಸಿನ, ಕಡಿಮೆ ಮಾತಿನ ಹೆಣ್ಣುಮಗಳು. ರಗ್ನಾರ ಕೋಣೆಯಲ್ಲೇ ಕೂತು ನನ್ನ ಹಾಳೆಗಳನ್ನೆಲ್ಲ ಓದಿ, ಜಗಲಿಯ ರೆಕಾರ್ಡಿಂಗ್‌ಗಳನ್ನು ಎರಡು ಸಲ ಕೇಳಿದರು.

"ನಿಮ್ಮ ಹಾಗೆ ಮೆಟ್ಟಿಲು ಸರಿಸಿದವರು ನಮ್ಮಲ್ಲಿ ಎಷ್ಟೋ ಜನ" ಎಂದರು. "ಫೋನ್ ಮಾಡಿ ಹೇಳಿದವರು ಯಾರೂ ಇಲ್ಲ."

ಅದು ಪ್ರಮಾಣಪತ್ರವೋ ಆರೋಪಪಟ್ಟಿಯೋ ನನಗೆ ತಿಳಿಯಲಿಲ್ಲ.

"ಇದು ಎಲ್ಲಿತ್ತು ಅಂತ ನಿಮಗೇನನ್ಸುತ್ತೆ?" ಎಂದು ಕೇಳಿದರು, ಧೈವತದ ಮೆಟ್ಟಿಲಿನ ಮೇಲೆ ಬೆರಳಿಟ್ಟು.

ಮಾರಿತ್, ಇಂಗ್ರಿಡ್, ರಗ್ನಾ ಮೂವರೂ ನನ್ನ ಮುಖ ನೋಡುತ್ತಿದ್ದರು. ಹುಡುಗರೇ, ಅನ್ನಿಸುವುದು ಈ ವೃತ್ತಿಯಲ್ಲಿ ಬಹಳ ಸುಲಭ.

"ಗೊತ್ತಿಲ್ಲ" ಎಂದೆ.

ಮಾರಿತ್ ಕೈವಾರ ಹಿಡಿದು ಅರ್ಧ ದಿನ ಅಳೆದರು. ಗಾಂಧಾರ, ನಿಷಾದಗಳನ್ನು ಅವರೆದುರೇ ಸರೇಸು ಹಾಕಿ ಕೂರಿಸಿದೆ. ಅವುಗಳ ಎದುರು ‘ಹಾಡಿದವರ ದನಿಯಿಂದ’ ಎಂದು ಬರೆದುಕೊಂಡರು. ಆ ಪಟ್ಟಿಯ ಒಂದು ಪ್ರತಿ ನನ್ನ ಬಳಿ ಇದೆ. ಮೆಟ್ಟಿಲುಗಳು ಹದಿನಾಲ್ಕು, ಅಳತೆಗಳು ಹದಿಮೂರು.